ಇಲ್ಲದ ಹಿಮಕ್ಕೆ ಹೊರಟ ದಿಬ್ಬಣ

ಡಿಸೆಂಬರ್ ತಿಂಗಳ ಕೊನೆಯ ವಾರ ಬಂತೆಂದರೆ ಬೆಂಗಳೂರು, ಮೈಸೂರುಗಳಲ್ಲಿ ಒಂದು ವಿಚಿತ್ರ ಜ್ವರ ಏರತೊಡಗುತ್ತದೆ. ಊಟಿಯಲ್ಲಿ ಹಿಮ ಬೀಳುತ್ತಿದೆಯಂತೆ, ಮುನ್ನಾರ್ ಕಾಶ್ಮೀರವೇ ಆಗಿಹೋಗಿದೆಯಂತೆ ಎಂಬ ಸುದ್ದಿ ಬಾಯಿಂದ ಬಾಯಿಗೆ ಹಬ್ಬುತ್ತದೆ. ಹುಲ್ಲಿನ ಮೇಲೆ ಬಿಳಿಯ ಹೊದಿಕೆ ಹಾಸಿದ ಒಂದು ಚಿತ್ರ, ಅದರ ನೆತ್ತಿಯ ಮೇಲೆ ‘ಭಾರೀ ಹಿಮಪಾತ’ ಎಂಬ ದಪ್ಪಕ್ಷರದ ತಲೆಬರಹ, ಅಷ್ಟಾದರೆ ಸಾಕು. ರಜೆಯ ಅರ್ಜಿಗಳು ಸಿದ್ಧವಾಗುತ್ತವೆ, ಉಣ್ಣೆಯ ಟೋಪಿಗಳು ಪೆಟ್ಟಿಗೆಯಿಂದ ಹೊರಬರುತ್ತವೆ, ಬಾಡಿಗೆ ಕಾರುಗಳು ಗೊತ್ತಾಗುತ್ತವೆ. ಮೂರು ಹಗಲು ಎರಡು ರಾತ್ರಿಯ ‘ಹಿಮ ವೀಕ್ಷಣೆ’ ಪ್ಯಾಕೇಜುಗಳು ಬಿಕರಿಗೆ ಬರುತ್ತವೆ. ಹೀಗೆ ದಿಬ್ಬಣವೇನೋ ಸಡಗರದಿಂದ ಹೊರಡುತ್ತದೆ. ಆದರೆ ಹೋಗಿ ಸೇರುವ ಮದುವೆಮನೆಯಲ್ಲಿ ಮದುಮಗಳೇ ಇಲ್ಲ. ದಕ್ಷಿಣ ಭಾರತದ ಬೆಟ್ಟಗಳಲ್ಲಿ ನೆಲ ಮುಚ್ಚುವಂಥ ಹಿಮ ಬೀಳುವುದಿಲ್ಲ.

ಇದು ಹಟದ ಮಾತಲ್ಲ, ಹವಾಮಾನದ ಸರಳ ಲೆಕ್ಕ. ಹಿಮ ಹುಟ್ಟುವುದು ಮೋಡದಲ್ಲಿ. ಅದು ಹರಳಾಗಿಯೇ ನೆಲವನ್ನು ಮುಟ್ಟಬೇಕಾದರೆ ಮೋಡದಿಂದ ನೆಲದವರೆಗಿನ ಗಾಳಿಯೆಲ್ಲ ಹೆಚ್ಚುಕಡಿಮೆ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೋ ಅದಕ್ಕೂ ಕೆಳಗೋ ಇರಬೇಕು. ಉಷ್ಣವಲಯದ ಆಕಾಶದಲ್ಲಿ ಉಷ್ಣಾಂಶ ಸೊನ್ನೆಗೆ ಇಳಿಯುವುದು ಸಮುದ್ರಮಟ್ಟದಿಂದ ಸುಮಾರು 5,000 ಮೀಟರ್ ಎತ್ತರದಲ್ಲಿ. ಪಶ್ಚಿಮ ಘಟ್ಟದ ಅತಿ ಎತ್ತರದ ಆನೆಮುಡಿ 2,695 ಮೀಟರ್, ನೀಲಗಿರಿಯ ದೊಡ್ಡಬೆಟ್ಟ 2,637 ಮೀಟರ್. ಕರ್ನಾಟಕದವರು ಹೆಮ್ಮೆಯಿಂದ ಹೇಳಿಕೊಳ್ಳುವ ಮುಳ್ಳಯ್ಯನಗಿರಿಯಾದರೋ 1,930 ಮೀಟರನ್ನು ದಾಟುವುದಿಲ್ಲ. ಮೇಲಿನ ಮೋಡದಲ್ಲಿ ಹಿಮದ ಹರಳು ಇದ್ದರೂ ಈ ಶಿಖರಗಳಿಗೆ ಇಳಿಯುವಷ್ಟರಲ್ಲಿ ಅದು ಕರಗಿ ಮಳೆಯಾಗಿರುತ್ತದೆ. ಇನ್ನೊಂದು ತೊಡಕೂ ಇದೆ. ಈ ಬೆಟ್ಟಗಳಲ್ಲಿ ಚಳಿ ತೀವ್ರವಾಗುವುದು ಆಕಾಶ ಶುಭ್ರವಾಗಿದ್ದಾಗ. ಮೋಡ ಕವಿದೊಡನೆ ಅದು ಕಂಬಳಿಯಂತೆ ನೆಲದ ಬಿಸಿಯನ್ನು ಹಿಡಿದಿಟ್ಟು ಚಳಿಯನ್ನು ತಗ್ಗಿಸುತ್ತದೆ. ಚಳಿ ಇದ್ದಾಗ ಮೋಡವಿಲ್ಲ, ಮೋಡವಿದ್ದಾಗ ಚಳಿ ಸಾಲದು.

ಹಾಗಾದರೆ ಚಿತ್ರದಲ್ಲಿ ಕಾಣುವ ಆ ಬಿಳುಪು ಯಾವುದು? ಅದು ಮೇಲಿನಿಂದ ಬಿದ್ದದ್ದಲ್ಲ, ಕೆಳಗೇ ಹುಟ್ಟಿದ್ದು. ಗಾಳಿಯಾಡದ, ಮೋಡವಿಲ್ಲದ ರಾತ್ರಿಯಲ್ಲಿ ನೆಲ ಮತ್ತು ಹುಲ್ಲಿನ ಎಸಳು ತಮ್ಮ ಬಿಸಿಯನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಟ್ಟು ಸೊನ್ನೆಗಿಂತ ಕೆಳಗೆ ತಣಿಯುತ್ತವೆ. ಆಗ ಅವುಗಳಿಗೆ ತಾಗಿದ ಗಾಳಿಯ ತೇವ ನೀರಾಗದೆ ನೇರವಾಗಿ ಮಂಜುಗಡ್ಡೆಯ ಹರಳಾಗಿ ಕೂರುತ್ತದೆ. ತಣ್ಣನೆಯ ಗಾಳಿ ಭಾರ. ಅದು ನೀರಿನಂತೆಯೇ ಇಳಿಜಾರಿನಲ್ಲಿ ಜಾರಿ ತಗ್ಗಿನಲ್ಲಿ ಮಡುಗಟ್ಟುತ್ತದೆ. ಹೀಗಾಗಿ ಊಟಿಯಲ್ಲಿ ಬಿಳುಪು ಮೊದಲು ಕಾಣುವುದು ದೊಡ್ಡಬೆಟ್ಟದ ನೆತ್ತಿಯಲ್ಲಲ್ಲ, ಕಾಂದಲ್, ತಲೈಕುಂದಾ, ಕುದುರೆ ಪಂದ್ಯದ ಬಯಲಿನಂಥ ತಗ್ಗುಗಳಲ್ಲಿ. ತೋಟಗಾರರು ಇದನ್ನು ಫ್ರಾಸ್ಟ್ ಎನ್ನುತ್ತಾರೆ. ತಮಿಳಿನಲ್ಲಿ ಇದಕ್ಕೆ ಉರೈಪನಿ ಎಂಬ ಅಚ್ಚುಕಟ್ಟಾದ ಹೆಸರಿದೆ. ಹೆಪ್ಪುಗಟ್ಟಿದ ಇಬ್ಬನಿ ಎಂದು ಅದರ ಅರ್ಥ. ಕನ್ನಡದ ಸುದ್ದಿಮನೆಗಳಿಗೆ ಮಾತ್ರ ಇಬ್ಬನಿಯೂ ಹಿಮ, ಕಾವಳವೂ ಹಿಮ, ಆಲಿಕಲ್ಲೂ ಹಿಮ! 2021ರ ಫೆಬ್ರುವರಿಯಲ್ಲಿ ಕೊಡಗಿನ ಉತ್ತರ ಭಾಗದಲ್ಲಿ ಆಲಿಕಲ್ಲು ಸುರಿದು ಕಾಫಿ ತೋಟಗಳು ಜರ್ಜರಿತವಾದಾಗಲೂ ‘ಕೊಡಗು ಕಾಶ್ಮೀರವಾಯಿತು’ ಎಂಬ ಉದ್ಗಾರವೇ ಮೊದಲು ಹೊರಟಿತು, ತೋಟದ ಗತಿಯೇನೆಂಬ ವಿಚಾರಣೆ ಆಮೇಲೆ ಬಂತು.

ಹೆಸರಿನಲ್ಲೇನಿದೆ ಎಂದು ಕೇಳಬಹುದು. ಹಿಮವೆಂದು ಹೇಳಿದೊಡನೆ ಅದು ಆಟದ ವಸ್ತುವಾಗುತ್ತದೆ, ಹಣ ಕೊಟ್ಟು ನೋಡುವ ನೋಟವಾಗುತ್ತದೆ. ಫ್ರಾಸ್ಟ್ ಎಂದು ಹೇಳಿದರೆ ಅದು ಒಬ್ಬ ರೈತನ ಹೊಲದಲ್ಲಿ ನಡೆದ ಅನಾಹುತವೆಂದು ಒಪ್ಪಿಕೊಳ್ಳಬೇಕಾಗುತ್ತದೆ. ಪ್ರವಾಸದ ವ್ಯಾಪಾರಕ್ಕೆ ಎರಡನೆಯದು ಬೇಕಿಲ್ಲ. ಊಟಿಯ ಸಮೀಪದ ಅವಲಾಂಚಿ ಎಂಬ ಊರಿನ ಹೆಸರನ್ನು ಕೇಳಿ ಅಲ್ಲಿ ಹಿಮ ಕುಸಿಯುತ್ತಿತ್ತೇನೋ ಎಂದು ಭಾವಿಸುವವರಿದ್ದಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿ ಕುಸಿದದ್ದು ಗುಡ್ಡದ ಮಣ್ಣು. 2019ರ ಆಗಸ್ಟ್ ತಿಂಗಳಲ್ಲಿ ಒಂದೇ ದಿನ 800 ಮಿಲಿಮೀಟರಿಗೂ ಹೆಚ್ಚು ಮಳೆ ಕಂಡ ಸ್ಥಳ ಅದು. ಆ ಮಳೆಯನ್ನು ನೋಡಲು ಯಾರೂ ಪ್ಯಾಕೇಜು ಹೊರಡಿಸಲಿಲ್ಲ.

ಫ್ರಾಸ್ಟ್ ಬಿದ್ದ ಬೆಳಗ್ಗೆ ಬೆಟ್ಟದ ರೈತನ ಮನೆಯಲ್ಲಿ ಏನು ನಡೆಯುತ್ತದೆಂಬುದನ್ನು ಪ್ರವಾಸಿಯ ಕ್ಯಾಮೆರಾ ಕಾಣುವುದಿಲ್ಲ. ಚಹಾ ಗಿಡದಲ್ಲಿ ಬೆಲೆ ಇರುವುದು ತುದಿಯ ಎರಡೆಲೆ ಮತ್ತು ಒಂದು ಮೊಗ್ಗಿಗೆ. ಗಿಡದಲ್ಲಿ ಅತ್ಯಂತ ಎಳೆಯ, ನೀರು ತುಂಬಿದ ಭಾಗವೂ ಅದೇ. ಎಲೆಯೊಳಗಿನ ನೀರು ಹರಳುಗಟ್ಟಿದಾಗ ಜೀವಕೋಶಗಳ ಪೊರೆಗಳು ಹರಿಯುತ್ತವೆ. ನಸುಕಿನಲ್ಲಿ ಬೆಳ್ಳಿಯಂತೆ ಹೊಳೆದ ಚಿಗುರು, ಬಿಸಿಲೇರಿ ಹರಳು ಕರಗಿದ ಮೇಲೆ ಬೇಯಿಸಿದ ಸೊಪ್ಪಿನಂತೆ ಜೋತುಬೀಳುತ್ತದೆ. ಒಂದೆರಡು ದಿನಗಳಲ್ಲಿ ಸುಟ್ಟ ಕಂದುಬಣ್ಣಕ್ಕೆ ತಿರುಗುತ್ತದೆ. ಆ ಗಿಡ ಮತ್ತೆ ಕೊಯ್ಲಿಗೆ ಸಿದ್ಧವಾಗಲು ವಾರಗಳೇ ಬೇಕು. ಪೆಟ್ಟು ಜೋರಾಗಿದ್ದರೆ ಒಣಗಿದ ರೆಂಬೆಗಳನ್ನು ಸವರಿ ಹಾಕಿ ಮಳೆಗಾಲಕ್ಕೆ ಕಾಯಬೇಕು. 2019ರ ಜನವರಿಯಲ್ಲಿ ಮುನ್ನಾರ್ ಸುತ್ತಿನ ಕಣಿವೆಗಳಲ್ಲಿ ಸಾಲುಸಾಲಾಗಿ ಹಲವು ರಾತ್ರಿ ಉಷ್ಣಾಂಶ ಸೊನ್ನೆಗಿಂತ ಕೆಳಗಿಳಿದಾಗ ಚಹಾ ತೋಟಗಳ ಹಸಿರು ಹೀಗೆಯೇ ಸುಟ್ಟುಹೋಯಿತು. ಅದೇ ವಾರ ಮುನ್ನಾರಿಗೆ ‘ಹಿಮ’ ನೋಡುವವರ ವಾಹನಗಳು ಸಾಲುಗಟ್ಟಿದವು.

ನೀಲಗಿರಿಯಲ್ಲಿ ಕಥೆ ಇನ್ನೂ ಸೂಕ್ಷ್ಮ. ಅಲ್ಲಿ ಚಹಾ ಎಂದರೆ ದೊಡ್ಡ ಕಂಪೆನಿಗಳ ಎಸ್ಟೇಟುಗಳಷ್ಟೇ ಅಲ್ಲ. ಅರ್ಧ ಎಕರೆ, ಒಂದು ಎಕರೆಯ ಹಿಡುವಳಿದಾರರು ಹತ್ತಾರು ಸಾವಿರ ಸಂಖ್ಯೆಯಲ್ಲಿದ್ದಾರೆ. ಅವರಲ್ಲಿ ಹೆಚ್ಚಿನವರು ಬಡಗರು. ಬಡಗಣ ದಿಕ್ಕಿನಿಂದ, ಅಂದರೆ ಮೈಸೂರು ಸೀಮೆಯಿಂದ ಶತಮಾನಗಳ ಹಿಂದೆ ಬೆಟ್ಟ ಹತ್ತಿದವರು ಎಂಬುದು ಆ ಹೆಸರಿನಲ್ಲೇ ಉಳಿದಿದೆ. ಅವರ ನುಡಿ ಕನ್ನಡಕ್ಕೆ ತೀರ ಹತ್ತಿರದ್ದು. ಇಂಥ ಸಣ್ಣ ಬೆಳೆಗಾರ ಹಸಿರೆಲೆಯನ್ನು ಕಾರ್ಖಾನೆಗೆ ತೂಗಿ ಕೊಟ್ಟು, ಬಂದ ಹಣದಲ್ಲಿ ಅಕ್ಕಿ ತರುವವನು. ಎಲೆ ಇಲ್ಲವೆಂದರೆ ತೂಕವಿಲ್ಲ, ತೂಕವಿಲ್ಲವೆಂದರೆ ಹಣವಿಲ್ಲ. ಎಲೆ ಕೀಳುವ ಹೆಂಗಸರ ಪಾಡು ಇನ್ನೂ ಕೆಳಗಿನದು. ಕೊಯ್ಲು ನಿಂತ ವಾರಗಳಲ್ಲಿ ದಿನಗೂಲಿಯವರಿಗೆ ಕರೆ ಬರುವುದೇ ಇಲ್ಲ. ಕಣಿವೆಯ ತರಕಾರಿ ಹೊಲಗಳಲ್ಲಿ ಆಲೂಗಡ್ಡೆಯ ಗಿಡ ಒಂದೇ ರಾತ್ರಿಗೆ ಕಪ್ಪಾಗುತ್ತದೆ. ಕ್ಯಾರೆಟ್, ಎಲೆಕೋಸು ಒಂದಿಷ್ಟು ತಡೆದುಕೊಳ್ಳುತ್ತವೆ. ಬೆಂಗಳೂರಿನ ಪ್ರವಾಸಿ ನಸುಕಿನಲ್ಲಿ ಎದ್ದು ‘ಎಷ್ಟು ಸುಂದರ’ ಎಂದು ಬೆರಗಾಗುವ ಹೊತ್ತಿನಲ್ಲಿ, ಅವನದೇ ನುಡಿಯ ದಾಯಾದಿಯೊಬ್ಬ ನೂರು ಮಾರು ದೂರದಲ್ಲಿ ಕೊಳವೆ ಹಿಡಿದು ಗಿಡಗಳಿಗೆ ನೀರೆರಚುತ್ತಿರುತ್ತಾನೆ.

ಆ ನೀರೆರಚುವಿಕೆ ಹುಚ್ಚಾಟವಲ್ಲ. ನೀರು ಹೆಪ್ಪುಗಟ್ಟುವಾಗ ತನ್ನಲ್ಲಿ ಅಡಗಿದ ಶಾಖವನ್ನು ಹೊರಬಿಡುತ್ತದೆ. ಸತತವಾಗಿ ಸಿಂಪಡಿಸುತ್ತಿದ್ದರೆ ಎಲೆ ಸೊನ್ನೆಯ ಆಸುಪಾಸಿನಲ್ಲೇ ನಿಂತು ಬದುಕಿಕೊಳ್ಳುತ್ತದೆ. ನಡುವೆ ನಿಲ್ಲಿಸಿದರೆ ಹಾನಿ ಇಮ್ಮಡಿ. ಆದುದರಿಂದ ಇದಕ್ಕೆ ರಾತ್ರಿಯಿಡೀ ನೀರು ಬೇಕು, ಪಂಪಿಗೆ ವಿದ್ಯುತ್ತೋ ಡೀಸೆಲ್ಲೋ ಬೇಕು. ಎಳೆಯ ಗಿಡಗಳಿಗೆ ಜರಿಗಿಡದ ಸೊಪ್ಪು ಹೊದಿಸುವುದು, ನೆರಳಿಗೆ ಸಿಲ್ವರ್ ಓಕ್ ಉಳಿಸಿಕೊಳ್ಳುವುದು, ಇಳಿಜಾರಿನ ಬೇಲಿಯ ಕೆಳಬದಿಯಲ್ಲಿ ಸಂದು ಬಿಡುವುದು, ಇವೆಲ್ಲ ರೂಢಿಯಲ್ಲಿರುವ ಉಪಾಯಗಳು. ಕೊನೆಯದನ್ನು ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ತಣ್ಣನೆಯ ಗಾಳಿ ಹರಿದು ಹೋಗಲು ದಾರಿ ಇದ್ದರೆ ಮೇಲಿನ ಹೊಲ ಬದುಕುತ್ತದೆ. ಇಳಿಜಾರಿಗೆ ಅಡ್ಡಲಾಗಿ ಎತ್ತರದ ಗೋಡೆ ಎದ್ದರೆ ಅದು ಚಳಿಗಾಳಿಗೆ ಕಟ್ಟಿದ ಅಣೆಕಟ್ಟು. ಗೋಡೆಯ ಮೇಲ್ಬದಿಯಲ್ಲಿ ಚಳಿ ಮಡುಗಟ್ಟುತ್ತದೆ. ‘ಹಿಮ ನೋಟದ ಕೋಣೆ’ಗಳ ರೆಸಾರ್ಟುಗಳಿಗೆ ಕಾಂಪೌಂಡ್ ಗೋಡೆಯಿಲ್ಲದೆ ಗೌರವವಿಲ್ಲ. ಅತಿಥಿಯ ಖಾಸಗಿತನಕ್ಕೆಂದು ಕಟ್ಟಿದ ಎಂಟಡಿಯ ಗೋಡೆ ಮೇಲಿನ ರೈತನ ಹೊಲದಲ್ಲಿ ಇನ್ನಷ್ಟು ಫ್ರಾಸ್ಟ್ ಹುಟ್ಟಿಸುತ್ತದೆ; ಅದನ್ನು ನೋಡಲು ಇನ್ನಷ್ಟು ಅತಿಥಿಗಳು ಬರುತ್ತಾರೆ. ಕಟ್ಟಡ ಪರವಾನಗಿ ಕೊಡುವ ಯಾವ ಕಚೇರಿಯಾದರೂ ಗಾಳಿ ಇಳಿಯುವ ದಾರಿಯ ಬಗ್ಗೆ ಒಂದು ಪ್ರಶ್ನೆ ಕೇಳಿದ್ದುಂಟೇ?

ಕಾಫಿ ನಾಡಿನವರಿಗೆ ಫ್ರಾಸ್ಟಿನ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. 1975ರ ಜುಲೈ ತಿಂಗಳಲ್ಲಿ ಬ್ರೆಜಿಲಿನ ಪರಾನಾ ಪ್ರಾಂತದ ಕಾಫಿ ತೋಟಗಳು ಫ್ರಾಸ್ಟಿಗೆ ಸಿಕ್ಕಿ ನಿರ್ನಾಮವಾದವು, ಲೋಕದ ಕಾಫಿ ಬೆಲೆ ಗಗನಕ್ಕೇರಿತು. 2021ರ ಜುಲೈನಲ್ಲಿ ಮತ್ತೆ ಅಲ್ಲಿಯ ತೋಟಗಳು ಸುಟ್ಟಾಗಲೂ ಚಿಕ್ಕಮಗಳೂರು, ಕೊಡಗಿನ ಬೆಳೆಗಾರರು ಬೆಲೆಯ ಪಟ್ಟಿಯನ್ನು ಕಣ್ಣಿಟ್ಟು ನೋಡಿದರು. ದೂರದ ಬ್ರೆಜಿಲಿನಲ್ಲಿ ಬಿದ್ದದ್ದು ಅನಾಹುತವೆಂದು ಅರಿತ ಜನವೇ, ನೆರೆಯ ನೀಲಗಿರಿಯಲ್ಲಿ ಬಿದ್ದದ್ದನ್ನು ಮಾತ್ರ ಉತ್ಸವವೆಂದು ಬಗೆದು ಕಾರು ಹತ್ತುವುದು ಸೋಜಿಗ.

ಸರ್ಕಾರದ ನಿಲುವಂತೂ ಇನ್ನೂ ಸೋಜಿಗದ್ದು. 2012ರಲ್ಲಿ ಕೇಂದ್ರ ಸರ್ಕಾರ ಶೀತಗಾಳಿ ಮತ್ತು ಫ್ರಾಸ್ಟನ್ನು ಪ್ರಕೃತಿ ವಿಕೋಪಗಳ ಪಟ್ಟಿಗೆ ಸೇರಿಸಿತು. ಅಂದರೆ ನೆರೆ, ಬರ, ಚಂಡಮಾರುತಗಳ ಸಾಲಿನಲ್ಲಿ ಇದೂ ಒಂದು. ಬೆಳೆಯ ಶೇಕಡಾ 33 ಅಥವಾ ಅದಕ್ಕೂ ಹೆಚ್ಚು ಭಾಗ ಹಾಳಾಗಿದ್ದರೆ ವಿಕೋಪ ಪರಿಹಾರ ನಿಧಿಯಿಂದ ರೈತನಿಗೆ ನೆರವು ಸಲ್ಲಬೇಕು. ಕಂದಾಯ ಇಲಾಖೆಯ ಕಡತದಲ್ಲಿ ವಿಕೋಪವಾದದ್ದು ಪ್ರವಾಸದ ಪ್ರಚಾರಪತ್ರದಲ್ಲಿ ಆಕರ್ಷಣೆ! ನೆರೆ ಬಂದ ಊರಿಗೆ ‘ಜಲವೈಭವ ವೀಕ್ಷಣೆ’ ಎಂದು ಬಸ್ಸು ಬಿಡುವ ಧೈರ್ಯ ಯಾರಿಗೂ ಇಲ್ಲ. ಫ್ರಾಸ್ಟಿನ ವಿಷಯದಲ್ಲಿ ಮಾತ್ರ ಆ ನಾಚಿಕೆ ಇಲ್ಲವಾಗಿದೆ. ಆ ನೆರವಾದರೂ ಹಿಡುವಳಿ ಇರುವವರಿಗೆ. ಎಲೆ ಕೀಳುವವಳು ಕಳೆದುಕೊಂಡ ಕೂಲಿದಿನಗಳು ಆ ಲೆಕ್ಕದಲ್ಲಿ ಬರುವುದೇ ಇಲ್ಲ.

ಫ್ರಾಸ್ಟ್ ಕೇವಲ ಶತ್ರುವೆಂದು ಹೇಳಿದರೆ ಅದೂ ಅರ್ಧಸತ್ಯವಾದೀತು. ಹೊಲಕ್ಕೆ ಅದು ಕೇಡು. ಹುಲ್ಲುಗಾವಲಿಗೆ ಅದೇ ಕಾವಲು. ಘಟ್ಟದ ನೆತ್ತಿಯ ಶೋಲಾ ಕಾಡು ಮಡಿಕೆಗಳಲ್ಲಿ ಅಡಗಿಕೊಂಡಿರುತ್ತದೆ, ಸುತ್ತಲಿನ ಗುಡ್ಡಗಳೆಲ್ಲ ಬರಿಯ ಹುಲ್ಲು. ಮರಗಳು ಏಕೆ ಹುಲ್ಲಿನ ಮೇಲೆ ದಂಡೆತ್ತಿ ಹೋಗಲಿಲ್ಲ ಎಂಬ ಪ್ರಶ್ನೆಗೆ ಸಸ್ಯವಿಜ್ಞಾನಿಗಳು ಬಹುಕಾಲದಿಂದ ಕೊಡುತ್ತ ಬಂದ ಉತ್ತರಗಳಲ್ಲಿ ಫ್ರಾಸ್ಟ್ ಪ್ರಮುಖವಾದುದು. ಬೆಂಕಿ, ಮೇಯುವಿಕೆ, ಮಣ್ಣಿನ ಗುಣಗಳೂ ಅದರ ಜೊತೆಗೂಡುತ್ತವೆ. ಶೋಲಾ ಮರದ ಸಸಿ ಬಯಲಿನಲ್ಲಿ ಮೊಳೆತರೆ ಜನವರಿಯ ಒಂದು ರಾತ್ರಿ ಅದರ ತುದಿಯನ್ನು ಕೊಲ್ಲುತ್ತದೆ. ಹುಲ್ಲಿನ ಬೆಳೆಯುವ ಕಣ್ಣು ನೆಲದ ಮಟ್ಟದಲ್ಲಿ ಬುಡದೊಳಗೆ ಬೆಚ್ಚಗಿರುವುದರಿಂದ ಅದು ಮತ್ತೆ ಚಿಗುರುತ್ತದೆ. ಈ ಹುಲ್ಲೇ ತೋಡರ ಎಮ್ಮೆಗಳಿಗೂ ವರೆಯಾಡಿಗೂ ಮೇವು. ಮಳೆಯನ್ನು ಹೀರಿ ಬೇಸಿಗೆಯ ಹಳ್ಳಗಳಿಗೆ ಸ್ವಲ್ಪಸ್ವಲ್ಪವಾಗಿ ಬಿಡುವ ಸ್ಪಂಜೂ ಇದೇ. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷರು ಇದನ್ನು ಪಾಳುಭೂಮಿಯೆಂದು ಭಾವಿಸಿ ಆಸ್ಟ್ರೇಲಿಯದ ವ್ಯಾಟಲ್, ಯೂಕಲಿಪ್ಟಸ್ ಮರಗಳನ್ನು ತಂದು ನೆಟ್ಟರು. ಸ್ವತಂತ್ರ ಭಾರತದ ಅರಣ್ಯ ಇಲಾಖೆಗಳೂ ಬಹುಕಾಲ ಅದನ್ನೇ ಮುಂದುವರಿಸಿದವು. ಕನ್ನಡದಲ್ಲಂತೂ ‘ನೀಲಗಿರಿ’ ಎಂಬ ಬೆಟ್ಟದ ಹೆಸರು ಆ ಪರದೇಶಿ ಮರಕ್ಕೇ ಅಂಟಿಕೊಂಡಿತು. ಹೆಸರು ಕೆಟ್ಟಾಗ ಕಣ್ಣೂ ಕೆಡುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಉಳಿದಿರುವ ಈ ಹುಲ್ಲಿನ ತುಣುಕುಗಳ ಮೇಲೆಯೇ ‘ಹಿಮದ ಆಟ’ ನಡೆಯುವುದು. ಹೆಪ್ಪುಗಟ್ಟಿದ ಹುಲ್ಲು ಗಾಜಿನಂತೆ ಪೆಡಸು. ಅದರ ಮೇಲೆ ಕಾಲಿಟ್ಟರೆ ಎಸಳು ಬಾಗುವುದಿಲ್ಲ, ಒಳಗಿನ ಹರಳುಗಳು ಜೀವಕೋಶಗಳನ್ನು ಸೀಳುತ್ತವೆ. ಕೆಲವು ದಿನಗಳ ಅನಂತರ ಹೋಗಿ ನೋಡಿದರೆ ಬೂಟುಗಳ ಗುರುತು ಕಂದು ಹೆಜ್ಜೆಗಳಾಗಿ ಒಣಗಿ ನಿಂತಿರುತ್ತದೆ. ಒಬ್ಬರ ಹೆಜ್ಜೆಯಾದರೆ ಹುಲ್ಲು ಸುಧಾರಿಸಿಕೊಂಡೀತು. ಕಾರುಗಳನ್ನೇ ಹುಲ್ಲಿಗೆ ಇಳಿಸಿ, ಚಳಿ ಕಾಯಿಸಲು ಇಂಜಿನ್ ಚಾಲೂ ಇಟ್ಟು, ಪ್ಲಾಸ್ಟಿಕ್ ಸೇರಿಸಿ ಬೆಂಕಿ ಹಾಕಿದರೆ ಅಲ್ಲಿ ಮೊದಲು ಬರುವುದು ಕಳೆ. ವರೆಯಾಡು ಮರಿಹಾಕುವ ಕಾಲವೂ ಇದಕ್ಕೆ ಹತ್ತಿಕೊಂಡೇ ಬರುತ್ತದೆ. ಮುನ್ನಾರ್ ಬಳಿಯ ಎರವಿಕುಳಂ ರಾಷ್ಟ್ರೀಯ ಉದ್ಯಾನವನ್ನು ಆ ಕಾಲದಲ್ಲಿ ಪ್ರವಾಸಿಗಳಿಗೆ ಮುಚ್ಚುವ ಕ್ರಮ ಇದೆ. ಉದ್ಯಾನದ ಬೇಲಿಯಾಚೆಯ ಹುಲ್ಲಿಗೆ ಅಂಥ ಯಾವ ರಕ್ಷೆಯೂ ಇಲ್ಲ.

ಇನ್ನು ದಾರಿಯ ಮಾತು. ಬೆಂಗಳೂರಿನ ದಿಬ್ಬಣ ಊಟಿ ಸೇರಬೇಕಾದರೆ ಬಂಡೀಪುರ, ಮುದುಮಲೈಗಳ ಆನೆ-ಹುಲಿಗಳ ಮನೆಯಂಗಳವನ್ನು ಹಾಯ್ದೇ ಹೋಗಬೇಕು. ಬಂಡೀಪುರದ ರಸ್ತೆಗಳಲ್ಲಿ 2009ರಲ್ಲಿ ಜಾರಿಗೆ ಬಂದ ನಿರ್ಬಂಧದಂತೆ ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಾಮಾನ್ಯ ವಾಹನಗಳಿಗೆ ಪ್ರವೇಶವಿಲ್ಲ. ಯೋಜನೆ ಹಾಕುವವರು ಈ ಒಂದು ಅಂಶವನ್ನಾದರೂ ಲೆಕ್ಕಕ್ಕೆ ತೆಗೆದುಕೊಂಡಿದ್ದರೆ ಅರ್ಧ ದಿಬ್ಬಣ ಮನೆಯಲ್ಲೇ ಉಳಿಯುತ್ತಿತ್ತು. ಮಧ್ಯರಾತ್ರಿ ಹೊರಟು, ಗುಂಡ್ಲುಪೇಟೆಯ ಆಚೆ ಗೇಟಿನ ಮುಂದೆ ತೂಕಡಿಸಿ, ಆರು ಗಂಟೆಗೆ ಗೇಟು ತೆರೆದೊಡನೆ ಓಟದ ಸ್ಪರ್ಧೆಯಂತೆ ನುಗ್ಗಿ, ಕಲ್ಲಟ್ಟಿಯ 36 ತಿರುವುಗಳನ್ನೋ ಗೂಡಲೂರಿನ ಸುತ್ತುದಾರಿಯನ್ನೋ ಹತ್ತಿ ಊಟಿ ಮುಟ್ಟುವ ಹೊತ್ತಿಗೆ ಬಿಸಿಲೇರಿ ಬಿಳುಪೆಲ್ಲ ಕರಗಿ ಹೋಗಿರುತ್ತದೆ. ನಸುಕಿನ ಮಬ್ಬಿನಲ್ಲಿ ರಸ್ತೆ ದಾಟುವ ಜಿಂಕೆಗೂ ಆನೆಮರಿಗೂ ಈ ಅವಸರದ ಕಾರಣ ತಿಳಿಯದು. ರಾತ್ರಿ ಸಂಚಾರವನ್ನು ಮತ್ತೆ ತೆರೆಯಬೇಕೆಂಬ ಒತ್ತಡ ಪದೇಪದೇ ಏಳುತ್ತಲೇ ಇದೆ. ಅದರ ಹಿಂದೆ ಸರಕು ಸಾಗಣೆಯವರ ಜೊತೆಗೆ ಪ್ರವಾಸದ ಅಂಗಡಿಗಳೂ ನಿಂತಿರುವುದನ್ನು ಮರೆಯಬಾರದು.

ಬೆಟ್ಟಕ್ಕೂ ಒಂದು ಧಾರಣ ಸಾಮರ್ಥ್ಯವಿದೆ ಎಂಬ ಮಾತನ್ನು ಪರಿಸರವಾದಿಗಳು ಹೇಳಿದಾಗ ನಕ್ಕವರು ಈಗ ನ್ಯಾಯಾಲಯದ ಬಾಯಿಂದ ಕೇಳಬೇಕಾಗಿ ಬಂದಿದೆ. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ನೀಲಗಿರಿ ಮತ್ತು ಕೊಡೈಕನಾಲ್‌ಗಳಿಗೆ ಹೊರಗಿನ ವಾಹನಗಳು ಇ-ಪಾಸ್ ಪಡೆಯಬೇಕಾಯಿತು. 2025ರ ಏಪ್ರಿಲ್‌ನಿಂದ ಜೂನ್‌ವರೆಗಿನ ಅವಧಿಗೆ ನೀಲಗಿರಿಗೆ ವಾರದ ದಿನಗಳಲ್ಲಿ 6,000, ವಾರಾಂತ್ಯದಲ್ಲಿ 8,000 ವಾಹನಗಳ ಮಿತಿ ಗೊತ್ತಾಯಿತು. ಗಮನಿಸಬೇಕಾದದ್ದು ಕಾಲ. ಮಿತಿ ಬಂದದ್ದು ಬೇಸಿಗೆಯ ಜಾತ್ರೆಗೆ. ಹುಲ್ಲು ಗಾಜಿನಂತಿರುವ, ಹಳ್ಳಗಳು ಬತ್ತತೊಡಗುವ, ರೈತನ ಪಂಪಿಗೂ ವಸತಿಗೃಹದ ಟ್ಯಾಂಕರಿಗೂ ಒಂದೇ ಹಳ್ಳದ ನೀರು ಬೇಕಾಗುವ ಜನವರಿಗೆ ಅಂಥ ಮಿತಿ ಏಕಿರಬಾರದು?

‘ಪ್ರವಾಸಿ ಬೇಡವೆಂದರೆ ಬೆಟ್ಟದ ಹುಡುಗರು ಉಣ್ಣುವುದೇನನ್ನು?’ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಪ್ರಶ್ನೆ ನ್ಯಾಯವಾದದ್ದೇ. ಎಲೆಗೆ ಬೆಲೆ ಇಲ್ಲದ ವರ್ಷ ಜೀಪು ಓಡಿಸುವ, ಎರಡು ಕೋಣೆ ಬಾಡಿಗೆಗೆ ಕೊಡುವ ರೈತನನ್ನು ದೂರುವ ಅಧಿಕಾರ ನಗರದಲ್ಲಿ ಸಂಬಳ ಎಣಿಸುವವರಿಗಿಲ್ಲ. ಆದರೆ ಇಲ್ಲದ ಸರಕನ್ನು ಇದೆಯೆಂದು ಮಾರುವುದು ಎಷ್ಟು ದಿನದ ವ್ಯಾಪಾರ? ಹಿಮ ನೋಡಲು ಬಂದವನು ಹಿಮ ಕಾಣದೆ ಸಿಡುಕಿ ಹಿಂದಿರುಗುತ್ತಾನೆ; ಒಂದು ಚಿತ್ರ ತೆಗೆದುಕೊಂಡರೆ ಮತ್ತೆ ಬರುವುದಿಲ್ಲ. ಹಣದ ದೊಡ್ಡ ಪಾಲು ಬೆಟ್ಟದ ಕೆಳಗಿನ ಬಂಡವಾಳಕ್ಕೆ ಸೇರಿ, ಹಳ್ಳಿಗೆ ಉಳಿಯುವುದು ಕಸ ಮತ್ತು ಬಾಟಲಿ. ಕೊಡಗಿನಲ್ಲೂ ಚಿಕ್ಕಮಗಳೂರಿನಲ್ಲೂ ಕೆಲವು ಹೋಂಸ್ಟೇಗಳು ‘ದಕ್ಷಿಣದ ಕಾಶ್ಮೀರ’ ಎಂಬ ಫಲಕವನ್ನು ತಾವೇ ತೂಗುಹಾಕಿಕೊಂಡಿವೆ. ಆಂಧ್ರದ ಲಂಬಸಿಂಗಿಗೂ ಅಂಥದೇ ಬಿರುದು ಅಂಟಿದೆ. ಅದಾದರೋ ಸಮುದ್ರಮಟ್ಟದಿಂದ ಸಾವಿರ ಮೀಟರಿನ ಆಸುಪಾಸಿನ ಊರು. ಬೆಟ್ಟದ ಜನ ತಮ್ಮ ನೆಲವನ್ನು ಇನ್ನೊಂದು ನೆಲದ ಹೆಸರಿನಿಂದ ಮಾರಿಕೊಳ್ಳಬೇಕಾದ ದೈನ್ಯ ಎಲ್ಲಿಂದ ಬಂತು? ಶೋಲಾದ ಒರತೆ, ಹನ್ನೆರಡು ವರ್ಷಕ್ಕೊಮ್ಮೆ ಅರಳುವ ಕುರಿಂಜಿ, ಆಷಾಢದ ಕಾವಳ ಇವು ಸುಳ್ಳಲ್ಲವಲ್ಲ.

ಈ ಚಳಿಗಾಲದಲ್ಲೇ ಮಾಡಬಹುದಾದ ಕೆಲಸಗಳಿವೆ. ‘ಹಿಮಪಾತ’ ಎಂಬ ತಲೆಬರಹ ಕಂಡೊಡನೆ ಪತ್ರಿಕೆಯ ಸಂಪಾದಕರಿಗೆ ವಿದ್ಯಾರ್ಥಿಗಳು ಒಂದು ಅಂಚೆ ಕಾರ್ಡು ಬರೆಯಲಿ. ಉಷ್ಣಾಂಶ ಮೈನಸ್ ಇಷ್ಟು ಎಂದು ಬರೆದಿದ್ದರೆ ಅದು ಹುಲ್ಲಿನ ಮಟ್ಟದ್ದೋ ನೆಲದಿಂದ ಮೇಲೆ ಪೆಟ್ಟಿಗೆಯಲ್ಲಿಟ್ಟ ಉಷ್ಣಮಾಪಕದ್ದೋ ಎಂದು ಕೇಳಲಿ. ಶುಭ್ರ ರಾತ್ರಿಯಲ್ಲಿ ಇವೆರಡರ ನಡುವೆ ಮೂರು ನಾಲ್ಕು ಡಿಗ್ರಿ ಅಂತರ ಸಾಮಾನ್ಯ. ಗ್ರಾಮ ಸಭೆಗಳು ಇಳಿಜಾರಿಗೆ ಅಡ್ಡಗೋಡೆ ಕಟ್ಟುವ ಪರವಾನಗಿಗೆ ಆಕ್ಷೇಪ ದಾಖಲಿಸಲಿ. ಫ್ರಾಸ್ಟ್ ಬಿದ್ದ ಹೊಲದವರು ಅದೇ ಬೆಳಗ್ಗೆ ಗ್ರಾಮ ಲೆಕ್ಕಿಗರನ್ನು ಕರೆದು ಹಾನಿಯನ್ನು ಬರೆಸಲಿ. ಗಿಡ ಮತ್ತೆ ಚಿಗುರಿದ ಮೇಲೆ ಬಂದ ಸಮೀಕ್ಷೆಗೆ ಸುಟ್ಟ ಎಲೆ ಕಾಣಿಸದು. ನಿಂತುಹೋದ ಕೂಲಿದಿನಗಳನ್ನೂ ಆ ಅರ್ಜಿಯಲ್ಲಿ ಹೆಸರು ಸಹಿತ ನಮೂದಿಸಬೇಕು, ಕೊಡುವ ನಿಯಮ ಇಲ್ಲದಿದ್ದರೂ ನಮೂದಿಸಬೇಕು. ಕಡತದಲ್ಲಿ ಇಲ್ಲದ ನಷ್ಟಕ್ಕೆ ನಿಯಮ ಎಂದೂ ಹುಟ್ಟುವುದಿಲ್ಲ. ಇನ್ನು ಪ್ರವಾಸದ ಯೋಜನೆ ಹಾಕಿ ಕುಳಿತವರು: ಜನವರಿಯ ಬದಲು ಫೆಬ್ರುವರಿಯಲ್ಲಿ ಒಮ್ಮೆ ಕೋತಗಿರಿಯ ಕಡೆಗೋ ಕೇತಿ ಕಣಿವೆಗೋ ಬಸ್ಸಿನಲ್ಲಿ ಹೋಗಿ, ಬಿಳಿಯ ಚಿತ್ರ ತೆಗೆದ ಅದೇ ತಗ್ಗಿನ ತೋಟ ಯಾವ ಬಣ್ಣದಲ್ಲಿದೆ, ಎಲೆ ಕೀಳುವವರು ಕೆಲಸಕ್ಕೆ ಮರಳಿದ್ದಾರೆಯೇ ಎಂದು ವಿಚಾರಿಸಿ ಬರಲಿ.